ಶಾರ್ಕ್ ಮುಟ್ಟಲಿಲ್ಲ

ಸಾಸ್ವೆಹಳ್ಳಿಯ ಶರಣು ಹೊಳೆಯಲ್ಲಿ ಈಜು ಕಲಿತವನು. ಆರು ವರ್ಷಗಳಿಂದ ಮುರ್ಡೇಶ್ವರದ ಕಡೆ, ಪ್ರವಾಸಿಗರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಸಮುದ್ರದಡಿ ತೋರಿಸುವ ಕೆಲಸದಲ್ಲಿದ್ದ. ಶಾರ್ಕ್ ಹೆಸರು ಕೇಳಿಯೇ ಬೆಚ್ಚುವವರಿಗೆ ಧೈರ್ಯ ಹೇಳುವುದೆಂದರೆ ಅವನಿಗೆ ಎಲ್ಲಿಲ್ಲದ ಉಮೇದು.

ಜನವರಿಯಲ್ಲಿ ಜಗಳೂರಿನಿಂದ ಅಕ್ಕ ಶಿವಲೀಲಾ, ಭಾವ ತಿಪ್ಪೇರುದ್ರ ಬಂದರು. ಭಾವ ಖಾಸಗಿ ಬಸ್ಸಿನ ಡ್ರೈವರ್. ಒಮ್ಮೆ ನೀರಿನೊಳಗೆ ಇಳಿದು ನೋಡಬೇಕೆಂಬ ಆಸೆ ಅವನಿಗೆ. ಅಕ್ಕ ಮಾತ್ರ ಬೇಡವೆಂದಳು.

“ಇವರಿಗೆ ಕೆರೆ ನೀರು ಕಂಡ್ರೇನೇ ಆಗಲ್ಲ. ಅಲ್ಲಿ ಶಾರ್ಕ್ ಬೇರೆ ಐತಂತೆ. ಬ್ಯಾಡ ಕಣೋ.”

“ಅಕ್ಕ, ಅದು ಮನುಷ್ಯರನ್ನ ತಿನ್ನಾಕೆ ಕಾಯ್ಕೊಂಡು ಕೂತಿಲ್ಲ. ನಮ್ಮೂರ ಬೀದಿನಾಯಿಗಿಂತ ಸಂಭಾವಿತ ಪ್ರಾಣಿ” ಎಂದು ಶರಣು ನಕ್ಕುಬಿಟ್ಟ.

ದೋಣಿಯಲ್ಲಿ ಭಾವನ ಬೆರಳಿನ ಉಂಗುರ ಬಿಚ್ಚಿಸಿ ಅಕ್ಕನ ಕೈಗೆ ಕೊಟ್ಟ. ಹೊಳೆಯುವುದನ್ನು ಕಂಡರೆ ಶಾರ್ಕ್ ಅದನ್ನು ಸಣ್ಣ ಮೀನೆಂದು ತಿಳಿಯುತ್ತದೆ. “ಎದುರು ಬಂದ್ರೆ ಕೈಕಾಲು ಬಡೀಬ್ಯಾಡ್ರಿ ಭಾವ. ಬಂಡೆಗೆ ಬೆನ್ನು ಕೊಟ್ಟು, ಅದನ್ನೇ ನೋಡ್ತಾ ನಿಲ್ರಿ. ಅದರ ಪಾಡಿಗೆ ಅದು ಹೋಗತೈತೆ.” ಏನೇ ಆದರೂ ಉಸಿರು ಕಟ್ಟಬಾರದು, ಉಸಿರಾಡುತ್ತಲೇ ಇರಬೇಕು ಎಂದೂ ಹೇಳಿದ. ಶಾರ್ಕಿನ ಮಾತನ್ನು ನಾಲ್ಕು ಸಲ ಹೇಳಿದವನು ಇದನ್ನು ಒಂದೇ ಸಲ ಹೇಳಿದ.

ಮೂವತ್ತು ಅಡಿ ಆಳದಲ್ಲಿ ಬಂಡೆಯ ಮರೆಯಿಂದ ಶಾರ್ಕ್ ಬಂತು. ಒಂದಾಳುದ್ದ, ರೆಕ್ಕೆಯ ತುದಿಯಲ್ಲಿ ಕಪ್ಪು. ನಿಧಾನಕ್ಕೆ ಹಾದು, ತಿರುಗಿ ಒಮ್ಮೆ ನೋಡಿತು. ಭಾವನ ಸಿಲಿಂಡರನ್ನು ಹಿಡಿದೇ ಇದ್ದ ಶರಣು, ಸುಮ್ಮನಿರಿ ಎಂದು ಅಂಗೈ ತೋರಿಸಿದ. ಅಷ್ಟರಲ್ಲಿ ಭಾವನ ಕಾಲು ಶರಣುವಿನ ಮುಖಕ್ಕೆ ಬಡಿದು ಈಜುಗನ್ನಡಕ ಕಳಚಿತು. ಅದನ್ನು ಸರಿಮಾಡಿಕೊಂಡು ನೋಡಿದರೆ ಕೈಯಲ್ಲಿ ಸಿಲಿಂಡರ್ ಇಲ್ಲ. ತಿಪ್ಪೇರುದ್ರ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮುತ್ತಿದ್ದ. ಬಾಯಿಂದ ಒಂದು ಗುಳ್ಳೆಯೂ ಬರುತ್ತಿರಲಿಲ್ಲ. ಶಾರ್ಕ್ ಆಗಲೇ ಬೆದರಿ ಮಾಯವಾಗಿತ್ತು.

ಮೇಲೇರಿದಂತೆ ನೀರಿನ ಒತ್ತಡ ಇಳಿದು, ಬಿಗಿಹಿಡಿದ ಗಾಳಿ ಒಳಗೇ ಹಿಗ್ಗಿ ಶ್ವಾಸಕೋಶ ಹರಿದಿತ್ತು. ಗಂಡನ ಬಾಯಲ್ಲಿ ರಕ್ತದ ನೊರೆ ಕಂಡು ದೋಣಿಯಲ್ಲಿದ್ದ ಅಕ್ಕ ಚೀರಿದಳು. ದಡ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಪೋಸ್ಟ್‌ಮಾರ್ಟಂ ಮುಗಿಸಿ ಬಿಳಿಬಟ್ಟೆಯಲ್ಲಿ ಸುತ್ತಿದ ಹೆಣವನ್ನು ಜಗಳೂರಿನಲ್ಲಿ ಯಾರೂ ಬಿಚ್ಚಿ ನೋಡಲಿಲ್ಲ. ಮಣ್ಣು ಮಾಡಿದ ಮೂರನೇ ದಿನ ಅಕ್ಕ ಶರಣುವನ್ನು ಹಿತ್ತಿಲಿಗೆ ಕರೆದಳು.

“ನಿಜ ಹೇಳು. ಶಾರ್ಕ್ ಕಚ್ಚಿತ್ತಾ?”

“ಇಲ್ಲಕ್ಕ. ಮುಟ್ಟಲೇ ಇಲ್ಲ. ಭಾವ ಹೆದರಿ ಉಸಿರು ಕಟ್ಟಿದ್ರು. ನಾನು ಹಿಡ್ಕೊಂಡಿದ್ದೆ, ಕೈ ತಪ್ಪಿತು. ಬೈಯಿ ಅಕ್ಕ, ಎರಡು ಹೊಡಿ ಬೇಕಾದ್ರೆ.”

ಅವಳು ಬೈಯಲಿಲ್ಲ. ಬಾಗಿಲತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ಹೆದರಿ ಸತ್ರು ಅಂತ ಯಾರ ಮುಂದೂ ಅನ್ನಬ್ಯಾಡ. ಬಸ್ ಸ್ಟ್ಯಾಂಡಿನಾಗೆ ಆಡ್ಕೊಂಡು ನಗ್ತಾರೆ. ಶಾರ್ಕ್ ಕಚ್ಚಿತು ಅನ್ನು. ನನಗೆ ಇಷ್ಟು ಮಾಡು. ಆಮೇಲೆ ಈ ಮನಿಗೆ ಬರಬ್ಯಾಡ.”

“ಅಕ್ಕ...”

ಅವಳು ಒಳಗೆ ಹೋದಳು.

ಚಪ್ಪಲಿ ಮೆಟ್ಟುವಾಗ ಜಗುಲಿಯಲ್ಲಿದ್ದ ಭಾವನ ದೊಡ್ಡಪ್ಪ ಶಿವಮೂರ್ತಪ್ಪ ತಡೆದರು. “ಊರಾಗೆ ಅಂತಿದ್ದಾರೆ, ಶಾರ್ಕೇ ಏನಪ್ಪಾ?”

ಬಾಗಿಲ ಮರೆಯಲ್ಲಿ ಅಕ್ಕನ ಸೀರೆಯಂಚು ಕಾಣುತ್ತಿತ್ತು.

“ಹೌದ್ರಿ.”

“ಎಲ್ಲಿ ಹಿಡೀತು?”

“ಎದೆಗೆ.”

“ನಮ್ಮುಡುಗ ಸುಮ್ನೆ ಬಿಟ್ಟಿರಲ್ಲ ಬಿಡು. ಹೊಡದಾಡಿರ್ತಾನೆ.”

“ಹೊಡದಾಡಿದ್ರು” ಎಂದ ಶರಣು. ಮುದುಕ ಟವೆಲಿನಲ್ಲಿ ಕಣ್ಣೊರೆಸಿಕೊಂಡು, ಶಾರ್ಕ್ ಎಷ್ಟು ದೊಡ್ಡದಿತ್ತೆಂದು ಕೇಳಿದರು.