ತಟ್ಟೆಯೊಳಗಿನ ಕೆಂಪು ಚುಕ್ಕೆ

ಸೌತೆಕಾಯಿ ಇಷ್ಟು ತಣ್ಣಗಿರುವಾಗ ಬೆರಳು ಯಾಕೆ ಬೆವರುತ್ತಿದೆ, ಅರ್ಧ ಹೆಚ್ಚಿದ್ದು ಪಾತ್ರೆಯಲ್ಲಿ, ಇನ್ನರ್ಧ ಕೈಯಲ್ಲೇ, ಫೋನ್ ಇಟ್ಟು ಬಂದು ಈಳಿಗೆಮಣೆಯ ಮೇಲೆ ಕೂತು ಎಷ್ಟು ಹೊತ್ತಾಯಿತು, ಐದು ನಿಮಿಷ, ಹತ್ತು, ಅಂಗಡಿಯಿಂದ ಇವರು ಕೂಗಿಕೊಂಡೇ ಮಾತಾಡಿದರು, ಹಿಂದೆ ಹೈವೇಯ ಲಾರಿ ಸದ್ದು, ಏ ಪರಿಮಳಾ, ಕೇಳ್ತಾ, ಆ ಗೋಕರ್ಣದ ಫಾರಿನ್ ಹೆಂಗಸು ಬೈಂದು ಮಾರಾಯ್ತಿ, ಲೀನಾ, ಮೂರು ವರ್ಷದ ಹಿಂದೆ ವಿಡಿಯೋ ಆಟದ ಡಬ್ಬಿ ರಿಪೇರಿಗೆ ಕೊಟ್ಟು ಹೋಗಿತ್ತಲೆ, ಅದೇ, ಮಾಳಿಗೆ ಟ್ರಂಕಲ್ಲಿದ್ದು, ಹುಡುಕಿ ಇಡು, ಊಟಕ್ಕೆ ಬಂದವ ತಗಂಡು ಹೋಗ್ತೆ, ಎರಡೂವರೆ ಬಸ್ಸಿಗೆ ಅದು ಹುಬ್ಳಿಗೆ ಹೋಗ್ತಡ. ಹೂಂ ಅಂದೆ. ಹೂಂ ಅಂದದ್ದು ನಾನೇನಾ. ಟ್ರಂಕಿನಲ್ಲಿ ಅದು ಇಲ್ಲವೇ ಇಲ್ಲ, ಇಲ್ಲಿದೆ, ನನ್ನಿಂದ ಎರಡು ಮೊಳ ದೂರ, ಉದ್ದಿನಬೇಳೆ ಡಬ್ಬದ ಹಿಂದೆ, ಹಳೆಯ ರವಿಕೆಯಲ್ಲಿ ಸುತ್ತಿಕೊಂಡು, ಹೊಟ್ಟೆಯೊಳಗೆ ನನ್ನ ಹನ್ನೊಂದು ಹಾಡು ಇಟ್ಟುಕೊಂಡು. ಗಡಿಯಾರ ಹನ್ನೊಂದೂ ಮುಕ್ಕಾಲು. ಒಂದಕ್ಕೆ ಬರುತ್ತಾರೆ. ಬಂದವರೇ ಕೈತೊಳೆಯುವ ಮೊದಲು ಅದನ್ನು ಬಿಚ್ಚುತ್ತಾರೆ.

ಬಿಚ್ಚದೆ ಇರುವವರಲ್ಲ. ಗಿರಾಕಿಯ ವಸ್ತುವನ್ನು ಧೂಳು ಹೊಡೆಯದೆ, ಹೊಸ ಸೆಲ್ ಹಾಕದೆ ಇವರು ಈವರೆಗೆ ವಾಪಸು ಕೊಟ್ಟದ್ದಿಲ್ಲ, ಕೇಳಲಿ ಬಿಡಲಿ, ಅದೊಂದು ವ್ರತ. ಟಿಂಬರ್ ಜಟ್ಟಪ್ಪನವರ ಡಿಜಿಟಲ್ ಡೈರಿಗೆ ಹಾಗೇ ಮಾಡಿದ್ದರು, ಒಂದು ಗುಂಡಿ ಹಾಳಾಗಿತ್ತು ಅಷ್ಟೆ, ಸರಿಮಾಡಿ, ಒಳಗಿನ ಹಳೆಯ ಸೆಲ್ ಕಿತ್ತು ಹೊಸದು ಕೂರಿಸಿ, ತಗಳಿ ಜಟ್ಟಪ್ಪ, ಹೊಸದರಂಗೆ ಮಾಡಿದ್ದೆ, ಜಟ್ಟಪ್ಪ ಒತ್ತಿದರು, ಮತ್ತೆ ಒತ್ತಿದರು, ನಾನು ಚಹಾ ತಂದವಳು ಲೋಟ ಹಿಡಿದು ನಿಂತೇ ಇದ್ದೆ, ಭಟ್ರೇ ಇದ್ರಾಗಿನ ನಂಬರೆಲ್ಲಾ ಎಲ್ಲಿ ಹೋದ್ವು, ನಾನೂರು ನಂಬರು ಇತ್ತಲ್ರೀ, ಇವರ ಮುಖದಲ್ಲಿನ ನಗು ಹಾಗೇ ಉಳಿದಿತ್ತು, ತೆಗೆಯುವುದು ಮರೆತ ಹಾಗೆ. ಸೆಲ್ ಕಿತ್ತ ಆ ಒಂದು ಕ್ಷಣ. ಅಷ್ಟರಲ್ಲಿ ನಾನೂರು ಜನ ಹೋಗಿಬಿಟ್ಟಿದ್ದರು. ನನ್ನವು ಹನ್ನೊಂದೇ. ಅವಕ್ಕೂ ಅಷ್ಟೇ ಹೊತ್ತು ಸಾಕು — ಡಬ್ಬಿಯ ಬೆನ್ನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿಯೊಳಗೆ ಹುರುಳಿಕಾಳಿನ ಬಣ್ಣದ ಸರ್ಕ್ಯೂಟ್ ಹಲಗೆ, ಅದಕ್ಕೆ ಬೆಸೆದ ಒಂದು ಬಟನ್ ಸೆಲ್, ಹಾಡೆಲ್ಲ ಅದರ ಉಸಿರಿನ ಮೇಲೆ ನಿಂತಿವೆ.

ಹೇಳಿಬಿಡಲೇ. ಕೀಳಬೇಡಿ, ಒಳಗೆ ನಾನು ಮಾಡಿದ ಹಾಡಿದ್ದು ಅಂತ. ಗಿರಾಕಿ ಸಾಮಾನು ಮುಟ್ಟಲಾಗ, ಮದುವೆಯಾದ ವಾರವೇ ಹೇಳಿದ್ದರು, ಕೈಗೆ ಸೋಲ್ಡರಿಂಗ್ ಕಾವಿಗೆ ಕೊಟ್ಟು ಬೆಸುಗೆ ಹಾಕಲು ಕಲಿಸಿದ ದಿನವೇ, ಚೀಟಿ ಕಟ್ಟಿದ ಮೇಲೆ ಅದು ದೇವರ ಸಾಮಾನು ಇದ್ದಾಂಗೆ. ಆ ಚೀಟಿಯನ್ನು ಮೂರು ವರ್ಷದ ಹಿಂದೆ, ಇವರು ರಿಪೇರಿ ಮುಗಿಸಿ ಟ್ರಂಕಿಗೆ ಸೇರಿಸಿದ ಮೇಲೆ, ನಾನೇ ಬಿಚ್ಚಿದೆ. ಅಲ್ಲ, ಅದಕ್ಕೂ ಮೊದಲು, ಲೀನಾ ಡಬ್ಬಿ ಕೊಟ್ಟ ದಿನ, ಇವರು ಬಿಡಿಭಾಗ ತರಲು ಶಿರಸಿಗೆ ಹೋಗಿದ್ದರು, ಅವಳು ಹತ್ತಬೇಕಾದ ಬಸ್ಸು ಅರಬೈಲು ಘಟ್ಟದಲ್ಲಿ ಕೆಟ್ಟು ನಿಂತು ಒಂದೂವರೆ ತಾಸು ತಡ, ಅಂಗಡಿಯಲ್ಲಿ ನಾವಿಬ್ಬರೇ, ಅವಳ ಹರಕು ಹಿಂದಿ, ನನ್ನ ಹರಕು ಹಿಂದಿ, ಯೇ ಗೇಮ್ ನಹೀ, ಗಾನಾ, ಡಬ್ಬಿಯ ದನಿ ಬಿಟ್ಟು ಬಿಟ್ಟು ಬರುತ್ತಿತ್ತು, ಆದರೂ ಅವಳು ತೋರಿಸಿದಳು, ಅಂಕಿ ಇಡು, ಸ್ವರ ಬರುತ್ತದೆ, ನಾಲ್ಕು ಸಾಲು, ನಾಲ್ಕು ಬಾಯಿ, ಎರಡು ಹಾಡುವವು, ಒಂದು ಗುಡುಗುವುದು, ಒಂದು ಬರೀ ಸರಬರ ಸದ್ದು, ತುಮ್ ಕರೋ. ಬಟ್ಟೆಯ ಬೀಸಣಿಗೆಯಂತೆ ಅಗಲವಾದ ಅವಳ ಕೈ. ನಾನು ಇಟ್ಟ ಮೊದಲ ಸ್ವರ ಜೀರುಂಡೆಯ ಹಾಗೆ ಕಿರ್ ಎಂದಿತು, ನಕ್ಕಳು, ಗೇಲಿಯಲ್ಲ, ಇನ್ನೊಂದು ಇಡು ಅನ್ನುವ ನಗು. ಡಿಸೆಂಬರಿಗೆ ಬರುತ್ತೇನೆ ಅಂದಳು. ಬರಲಿಲ್ಲ. ಮೂರು ಡಿಸೆಂಬರು ನಾನು ಬಾಗಿಲ ಸದ್ದಿಗೆಲ್ಲ ಹೆದರಿದೆ, ಈಗ ಮಾರ್ಚಿನಲ್ಲಿ, ಹೆದರುವುದು ಮರೆತಿರುವಾಗ, ಬಂದಿದ್ದಾಳೆ.

ಹೇಳಿದರೆ ಬಯ್ಯುವುದಿಲ್ಲ ಇವರು, ಅದೇ ಕಷ್ಟ. ಎಂತ ಹಾಡು, ತಗಬಾ, ಕೇಳನ ಅನ್ನುತ್ತಾರೆ, ಅಂಗಡಿಯ ದೊಡ್ಡ ಸ್ಪೀಕರಿಗೆ ಸಿಕ್ಕಿಸುತ್ತಾರೆ, ಜಟ್ಟಪ್ಪ ಇರುತ್ತಾರೆ, ಪಕ್ಕದ ಟೈಲರ್ ಇರುತ್ತಾನೆ, ಎಲ್ಲರೂ ಕೇಳುತ್ತಾರೆ. ಕೇಳಿದವರು ತಲೆ ತಿರುಗಿಸುತ್ತಾರೆ. ಆ ತಲೆ ತಿರುಗುವುದು ನನಗೆ ಗೊತ್ತು, ನಾದಿನಿಯ ಮದುವೆ, ಕಾನಸೂರು, ಹಸೆಯ ಮುಂದೆ ಹೆಂಗಸರೆಲ್ಲ ಹಾಡುತ್ತಿದ್ದರು, ನಾನೂ ಹೊಸ ಸೊಸೆ, ಹುಮ್ಮಸ್ಸಿನಲ್ಲಿ ದನಿ ಕೂಡಿಸಿದೆ, ಅತ್ತೆ ತಲೆ ತಿರುಗಿಸಿ ಎಲ್ಲರಿಗೂ ಕೇಳುವ ಹಾಗೆ, ಯೇ ಕೂಸೆ, ನೀ ಆರತಿ ತಟ್ಟೆ ಹಿಡ್ಕ, ಹಾಡದು ಬೇಡ, ನಿನ್ನ ಸ್ವರ ಬೇಲಿ ಹಾರ್ತು, ನಕ್ಕರು ಎಲ್ಲರೂ, ನಾನೂ ನಕ್ಕೆ, ತಟ್ಟೆಯಲ್ಲಿ ಕುಂಕುಮದ ನೀರು ಅಲ್ಲಾಡುತ್ತಿತ್ತು, ಅದನ್ನೇ ನೋಡುತ್ತ ನಿಂತೆ. ಆಮೇಲೆ ಹದಿನಾಲ್ಕು ವರ್ಷ ನನ್ನ ಬಾಯಿಂದ ಒಂದು ಸಾಲು ಹೊರಬಿದ್ದಿಲ್ಲ, ತೊಟ್ಟಿಲ ಮುಂದೂ ಇಲ್ಲ, ಮಗಳಿಗೆ ನಿದ್ದೆ ಬರಲಿ ಅಂತ ರೇಡಿಯೋ ಹಚ್ಚುತ್ತಿದ್ದೆ. ಈ ಡಬ್ಬಿಯ ಸ್ವರ ಬೇಲಿ ಹಾರುವುದಿಲ್ಲ. ಒರಟು, ಕೀರಲು, ಆದರೆ ಇಟ್ಟಲ್ಲಿ ಇರುತ್ತದೆ. ಮೊದಲು ಆ ಹಸೆಯ ಹಾಡನ್ನೇ ಇಟ್ಟೆ, ಅದು ಕೈ ಜಾರಿ ಎಲ್ಲೋ ಹೋಯಿತು, ಹೋಗಲಿ ಅಂತ ಅದರ ಹಿಂದೆ ಹೋದೆ, ಒಗ್ಗರಣೆ ಸಿಡಿಯುವುದನ್ನು ನಾಲ್ಕನೆಯ ಬಾಯಿಗೆ ಕೊಟ್ಟೆ, ಘಟ್ಟ ಹತ್ತುವ ಲಾರಿಯನ್ನು ಮೂರನೆಯದಕ್ಕೆ, ಇವರು ಅಂಗಡಿಗೆ, ಮಗಳು ದೀಕ್ಷಿತಾ ಶಾಲೆಗೆ ಹೋದ ಮೇಲೆ, ಹನ್ನೊಂದರಿಂದ ಹನ್ನೆರಡು, ಅನ್ನ ಬೇಯುವ ಹೊತ್ತು, ಅಷ್ಟೇ ನನ್ನದು. ಪ್ರತಿ ಹಾಡಿನ ಮೇಲೂ ಹೆಸರಿಗೆ ಒಂದು ಸಣ್ಣ ಜಾಗ ಇದೆ. ಹನ್ನೊಂದೂ ಖಾಲಿ ಬಿಟ್ಟಿದ್ದೇನೆ.

ಇಲಿ ಕಡಿಯಿತು ಅನ್ನಬಹುದು. ಸಿಗಲಿಲ್ಲ ಅನ್ನಬಹುದು. ಅವಳ ಮುಂದೆ ಇವರು ಕೈಕಟ್ಟಿ ನಿಂತದ್ದು ಕಣ್ಣಿಗೆ ಬರುತ್ತದೆ, ಇಪ್ಪತ್ತು ವರ್ಷದಲ್ಲಿ ಒಂದು ಸ್ಕ್ರೂ ಕಳೆಯದ ಮನುಷ್ಯ. ಬೇಡ. ಸೌತೆಕಾಯಿ ಇಟ್ಟು ಎದ್ದಿದ್ದೇನೆ, ಯಾವಾಗ ಎದ್ದೆ, ಕಾವಿಗೆಯ ಪ್ಲಗ್ ಹಾಕಿಯಾಗಿದೆ, ರಾಳದ ವಾಸನೆ, ಹೊಸ ಬಟನ್ ಸೆಲ್ ಇವರು ಮನೆಯಲ್ಲಿಟ್ಟ ಸಾಮಾನಿನ ಪೆಟ್ಟಿಗೆಯಲ್ಲೇ ಇತ್ತು, ಬೆಸೆಯಲು ಎರಡು ತಗಡಿನ ಕಿವಿ ಇರುವಂಥದ್ದು. ಡಬ್ಬಿ ಚಾಲೂ ಇರುವಷ್ಟು ಹೊತ್ತು ಪಟ್ಟಿಗೆ ಡಬ್ಬಿಯೇ ಉಸಿರು ಕೊಡುತ್ತದೆ, ಆಗ ಬಟನ್ ಸೆಲ್ ಬದಲಿಸಿದರೂ ಹಾಡು ಉಳಿಯಬೇಕು, ಇದು ಜಟ್ಟಪ್ಪನ ಡೈರಿ ಹೋದ ಮೇಲೆ ನಾನು ಒಬ್ಬಳೇ ಕೂತು ಯೋಚಿಸಿ ಕಂಡದ್ದು, ಪರೀಕ್ಷೆ ಮಾಡಿದ್ದಿಲ್ಲ, ಒಂದು ಸಲವೂ ಇಲ್ಲ. ಪೆನ್ಸಿಲ್ ಸೆಲ್ ನಾಲ್ಕು ಬೇಕು, ಗಟ್ಟಿಯವು, ಟೀವಿ ರಿಮೋಟಿನ ಎರಡು, ಚಿಕ್ಕ ರೇಡಿಯೋದ ಒಂದು, ಇನ್ನೊಂದು ಸೋರಿದೆ, ಗಡಿಯಾರದ್ದು ತೆಗೆದೆ, ಹನ್ನೆರಡೂ ಹತ್ತಕ್ಕೆ ಮುಳ್ಳು ನಿಂತಿತು, ಇನ್ನು ಹೊತ್ತು ಗೊತ್ತಾಗುವುದಿಲ್ಲ. ಪಟ್ಟಿಯ ಸ್ಕ್ರೂಗೆ ಯಾವ ಸ್ಕ್ರೂಡ್ರೈವರೂ ಕೂರುವುದಿಲ್ಲ, ಬಾಲ್‌ಪೆನ್ನಿನ ಹಿಂಬದಿ ಕಾಯಿಸಿ ಒತ್ತಿದೆ, ಅಚ್ಚು ಬಂತು, ತಿರುಗಿತು. ಬತ್ತಲೆ ಹಲಗೆಯನ್ನೇ ಡಬ್ಬಿಗೆ ಸಿಕ್ಕಿಸಿ ಚಾಲೂ ಮಾಡಿದೆ, ಟಿಂಗ್ ಅಂದಿತು, ಹಲಗೆ ಬೆನ್ನಿಗಿದೆ, ಕವುಚಿ ಹಾಕಬೇಕು, ಆಗ ಚಾಲೂ ಇದೆಯೆಂದು ತೋರಿಸುವ ಮುಂದಿನ ಕೆಂಪು ದೀಪ ಕಾಣುವುದಿಲ್ಲ, ದೀಪ ಕಾಣದೆ ನನ್ನಿಂದಾಗದು, ಊಟದ ಸ್ಟೀಲ್ ತಟ್ಟೆ ಇಟ್ಟು ಅದರ ಮೇಲೆ ಎರಡು ಬಟ್ಟಲು, ಬಟ್ಟಲ ಮೇಲೆ ಡಬ್ಬಿ, ಕೆಳಗೆ ತಟ್ಟೆಯಲ್ಲಿ ಕೆಂಪು ಚುಕ್ಕೆ ಬಿತ್ತು, ಸಾಸಿವೆಯಷ್ಟು.

ಕಾವಿಗೆಯ ಪ್ಲಗ್ ಕಿತ್ತೆ, ಕರೆಂಟು ಸೋರಿದರೆ ಎಲ್ಲ ಹೋಗುತ್ತದೆ, ಬಿಸಿ ಇರುವಷ್ಟರಲ್ಲಿ ಮುಗಿಯಬೇಕು. ಹೊರಗೆ ಸ್ಕೂಟರ್. ಇವರದ್ದಲ್ಲ. ಇವರದ್ದೇ. ಅಲ್ಲ, ದಾಟಿ ಹೋಯಿತು. ಹೊಸ ಸೆಲ್ ಕಂಡರೆ ಇವರು, ಓ ಆನೇ ಹಾಕಿಟ್ಟಿದ್ನಲೆ ಅಂದುಕೊಂಡು ಮುಚ್ಚುತ್ತಾರೆ, ಮಾಡಿದ್ದು ಇವರಿಗೆ ಯಾವತ್ತು ನೆನಪಿದೆ. ಮುಚ್ಚಿ, ಚೀಟಿ ಕಟ್ಟಿ, ಅವಳ ಅಗಲದ ಕೈಗೆ ಕೊಡುತ್ತಾರೆ. ಬಸ್ಸು ಹೋಗುತ್ತದೆ. ಎಲ್ಲೋ, ಯಾವ ಊರಿನಲ್ಲೋ ಅವಳು ಗುಂಡಿ ಒತ್ತುತ್ತಾಳೆ, ತಲೆ ತಿರುಗಿಸುತ್ತಾಳೋ, ಅಳಿಸುತ್ತಾಳೋ, ಅಳಿಸಲಿ, ಕೇಳಿ ಅಳಿಸಲಿ. ಇದು ಉಳಿದರೆ, ಸ್ಕ್ರೂ ಹಾಕುವ ಮೊದಲು, ಹನ್ನೊಂದರ ಮೇಲೂ ಆ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆಯುತ್ತೇನೆ. ಇವರಿಗೆ ಹೇಳುವುದಿಲ್ಲ, ಮಗಳಿಗೂ ಇಲ್ಲ, ಊಟಕ್ಕೆ ಬಡಿಸುತ್ತ ಹುಳಿಗೆ ಉಪ್ಪು ಸರಿ ಇದ್ದಾ ಅಂತಷ್ಟೇ ಕೇಳುತ್ತೇನೆ. ಬೆಸುಗೆಯ ತವರ ಕರಗಿ ಹೊಳೆಯಿತು, ಒಂದು ಕಿವಿ ಬಿಟ್ಟಿತು, ಇನ್ನೊಂದು, ಹಳೆಯ ಸೆಲ್ ಉದುರಿ ತಟ್ಟೆಯಲ್ಲಿ ಟಣ್ ಎಂದು ಸುತ್ತಿತು, ತಟ್ಟೆ ನಡುಗಿತು, ಚುಕ್ಕೆ ನಡುಗಿತು, ಈಗ ಹಾಡುಗಳಿಗೆ ಅದೊಂದೇ, ಹೊಸ ಸೆಲ್ ಎತ್ತಿಕೊಂಡೆ, ಚುಕ್ಕೆ ಮಸುಕಾಯಿತೇ, ಇಲ್ಲ, ಕಣ್ಣು ಮಂಜಾದದ್ದು, ಇದೆ, ಕೆಂಪಗೆ, ತಟ್ಟೆಯಲ್ಲಿ, ಸಾಸಿವೆಯಷ್ಟು, ಇದೆ —