ನಾಲ್ಕು ತಾಲೂಕಿಗೆ ಮಾರ್ಕು ಹಾಕಿದ ಮಾಸ್ತರರು

ವಿಜಾಪುರ ಜಿಲ್ಲೆಯಲ್ಲಿ ಆದಿಲಶಾಹಿ ಮುಗಿದ ಮೇಲೆ ನಡೆದ ಬಹು ಗಂಭೀರವಾದ ಸಂಗತಿಯೊಂದನ್ನು ಇಲ್ಲಿ ದಾಖಲಿಸಲೇಬೇಕಾಗಿದೆ. 1975ನೆಯ ಇಸವಿ ಮಾರ್ಚ್ ಹನ್ನೆರಡರ ಬೆಳಿಗ್ಗೆ ಚನ್ನಬಸಯ್ಯ ಮಾಸ್ತರರು ನೂರು ಪುಟದ ನೋಟಬುಕ್ಕು ಬಿಚ್ಚಿ, ಪಟ್ಟಿ ಇಟ್ಟು, ನಾಲ್ಕು ಉದ್ದ ಗೆರೆ ಎಳೆದರು.

ಗೆರೆಗಳ ನೆತ್ತಿಯ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಬರೆದರು. ಎಡಗಡೆ ನೀರು, ಜೋಳ, ಮೋಟಾರು ಬಸ್ಸು, ಹವೆ, ಜನ ಎಂದು ಬರೆದರು. ಒಂದೊಂದಕ್ಕೆ ಹತ್ತು ಮಾರ್ಕು. ಯಾವ ತಾಲೂಕು ಹೆಚ್ಚು ಮಾರ್ಕು ತೆಗೆಯುತ್ತದೋ ಅದು ಬಾಳುವೆಗೆ ಯೋಗ್ಯ ತಾಲೂಕು. ಇಷ್ಟು ಸರಳವಾದದ್ದು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ಅವರಿಗೇ ಸ್ವಲ್ಪ ಆಶ್ಚರ್ಯವಾಯಿತು.

ಕಾರಣ ಇದು. ಇಂಡಿ ತಾಲೂಕಿನ ಹೊರ್ತಿಯಿಂದ ಮೂರು ಮೈಲು ಒಳಗಿದ್ದ ಹಳ್ಳಿಯಲ್ಲಿ ಅವರು ಹನ್ನೊಂದು ವರ್ಷ ಕಲಿಸಿದ್ದರು. ಹತ್ತು ವರ್ಷ ದಾಟಿದವರೆಲ್ಲ ಬೇರೆ ಊರಿಗೆ ಹೋಗಬೇಕೆಂದು ಆ ವರ್ಷ ಹುಕುಮು ಬಂತು. ಜೊತೆಗೆ ಒಂದು ಫಾರ್ಮು: ನಾಲ್ಕು ತಾಲೂಕುಗಳನ್ನು ಬೇಕಾದ ಕ್ರಮದಲ್ಲಿ ಬರೆದು ಏಪ್ರಿಲ್ ಮೂವತ್ತರೊಳಗೆ ಕಳಿಸಬೇಕು. ತಾಲೂಕು ಊರುಗಳ ಶಾಲೆಗಳಲ್ಲಿ ಒಟ್ಟು ಹನ್ನೊಂದು ಜಾಗ ಖಾಲಿ ಇದ್ದವು. ಮೊದಲು ಬಂದ ಅರ್ಜಿಗೆ ಮೊದಲ ಜಾಗ. ಅವು ತುಂಬಿದ ಮೇಲೆ ಉಳಿದವರಿಗೆ ಹಳ್ಳಿ.

ಮಾಸ್ತರರ ಮಗಳು ಕಸ್ತೂರೆವ್ವ ಆ ವರ್ಷ ಏಳನೆಯ ಇಯತ್ತೆ, ಮುಲ್ಕಿ ಪರೀಕ್ಷೆಗೆ ಕೂತಿದ್ದಳು. ಊರಿನ ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಹೆಣ್ಣುಹುಡುಗಿಯನ್ನು ದಿನಾ ಬಸ್ಸಿನಲ್ಲಿ ಕಳಿಸುವುದಿಲ್ಲವೆಂದು ಮಾಸ್ತರರು ಎಂದೋ ಹೇಳಿಯಾಗಿತ್ತು. ಪರರ ಮನೆಯಲ್ಲಿ ಇಡುವ ಮಾತಂತೂ ಇಲ್ಲವೇ ಇಲ್ಲ. ಅಪ್ಪನಿಗೆ ತಾಲೂಕು ಊರು ಸಿಕ್ಕರೆ ಎಂಟನೆಯ ಇಯತ್ತೆ, ಇಲ್ಲವಾದರೆ ಇಲ್ಲ.

"ಇಷ್ಟ್ಯಾಕ ಗೆರಿ ಹೊಡಿಯಾಕತ್ತೀರಿ?" ಎಂದಳು ಹೆಂಡತಿ ಸಿದ್ದಲಿಂಗವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ನಾಕೂ ಊರಾಗ ಹೈಸ್ಕೂಲ ಅದಾವು. ಕಣ್ಣ ಮುಚ್ಚಿ ಯಾವುದರ ಒಂದು ಮೊದಲ ಬರದು ಟಪಾಲಿಗೆ ಹಾಕ್ರಿ."

"ನಿನಗ ತಿಳಿಯಂಗಿಲ್ಲ. ಒಮ್ಮೆ ಬರದ್ರ ಮುಂದ ಹತ್ತು ವರ್ಷದ ಮಾತದು."

"ಹತ್ತು ವರ್ಷ ನಿಮಗ. ಅಕಿಗೆ ಜೂನ್ ತಿಂಗಳಷ್ಟ."

ಮಾಸ್ತರರು ಪೆನ್ಸಿಲ್ಲು ಚೂಪು ಮಾಡತೊಡಗಿದರು. ಹನ್ನೊಂದು ವರ್ಷದ ಹಿಂದೆ ಇದೇ ಹಳ್ಳಿಯ ಮಾಸ್ತರನೊಬ್ಬ, "ಬಾಳ ಛಲೋ ಊರ ನೋಡ್ರಿ, ಮಂದಿ ಅಂದ್ರ ದೇವರು" ಎಂದು ಹೇಳಿ ಅವರೊಡನೆ ಜಾಗ ಅದಲಿ ಬದಲಿ ಮಾಡಿಕೊಂಡು, ಹಿಂದೆ ತಿರುಗಿ ನೋಡದೆ ಓಡಿಹೋಗಿದ್ದ. ಅಂದಿನಿಂದ ಅವರು ಯಾರ ಮಾತನ್ನೂ ವಿಚಾರಿಸದೆ ನಂಬುತ್ತಿರಲಿಲ್ಲ. ವಿಚಾರಿಸಿದ ಮೇಲೆ ಪೂರ್ತಿ ನಂಬುತ್ತಿದ್ದರು, ಅದು ಬೇರೆ ಮಾತು.

ಮೊದಲು ಸಿಕ್ಕವನು ರೇವಪ್ಪ. ಬಾಗೇವಾಡಿ ಕಡೆಯ ಒಕ್ಕಲಿಗ; ಹೆಂಡತಿಯ ತವರೆಂದು ಹಳ್ಳಿಗೆ ಬಂದು ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ.

"ಬಾಗೇವಾಡಿಯೇನ್ರಿ ಮಾಸ್ತರ್ರ? ಅದೂ ಒಂದು ಊರೇನ್ರಿ! ಕುಡಿಯಾಕ ನೀರಿಲ್ಲ, ಕುಂದ್ರಾಕ ನೆಳ್ಳಿಲ್ಲ."

"ಜ್ವಾಳ?"

"ಎಲ್ಲೀ ಜ್ವಾಳರಿ. ಗುಬ್ಬಿ ತಿಂದು ಬಿಟ್ಟದ್ದ ನಮಗ."

"ಜನ ಹ್ಯಾಂಗ?"

"ನನ್ನ ನೋಡಾಕತ್ತೀರಲ್ಲ. ಹಿಂಗ ಅದಾರ."

ಮಾಸ್ತರರು ನೀರಿಗೆ ಎರಡು, ಜೋಳಕ್ಕೆ ಒಂದು, ಜನಕ್ಕೆ ನಾಲ್ಕು ಹಾಕಿಕೊಂಡರು. ಆ ಸುಗ್ಗಿಯಲ್ಲಿ ರೇವಪ್ಪನ ನೆಲದೊಳಗಿನ ಎರಡೂ ಹಗೇವು ತುಂಬಿ, ಮಿಕ್ಕ ಜೋಳ ಪಡಸಾಲೆಯಲ್ಲಿ ಗುಡ್ಡ ಬಿದ್ದಿತ್ತೆಂಬುದನ್ನು ಅವನು ಹೇಳಲಿಲ್ಲ. ಹೇಳುವ ಪದ್ಧತಿಯೂ ಆ ಕಡೆ ಇಲ್ಲ. ತನ್ನ ಊರು ಛಲೋ ಎಂದವನ ಮನೆಗೆ ನಾಳೆಯೇ ಬೀಗರು ಇಳಿಯುತ್ತಾರೆ, ನಾಡಿದ್ದು ಕಂದಾಯಕ್ಕೆ ತಲಾಟಿ ಬರುತ್ತಾನೆ, ಅದಕ್ಕೂ ಮೊದಲು ಎಮ್ಮೆಗೆ ದೃಷ್ಟಿ ತಾಗುತ್ತದೆ. ಆದ್ದರಿಂದ ಕೇಳಿದವರಿಗೆಲ್ಲ ಊರು ಹಾಳಾಗಿದೆ ಎನ್ನುವುದು ಅಲ್ಲಿಯ ಸಭ್ಯತೆ. ಚನ್ನಬಸಯ್ಯನವರೂ ಹಾಗೆಯೇ ಅನ್ನುತ್ತಿದ್ದರು. ಆದರೆ ಅದು ಬಾಯಿಮಾತಿನ ವಿಷಯ; ನೋಟಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡ ಮೇಲೆ ಅದು ಸುಳ್ಳಿರಬಹುದೆಂದು ಅವರಿಗೆ ಅನ್ನಿಸಲಿಲ್ಲ.

ಮುಂದಿನ ಆದಿತ್ಯವಾರ ಸಿಂದಗಿಗೆ ಹೋದರು. ಅಲ್ಲಿ ಖಂಡೆಪ್ಪನಿದ್ದ. ಇಬ್ಬರೂ ಮಾಸ್ತರಕಿಯ ಟ್ರೇನಿಂಗನ್ನು ಒಟ್ಟಿಗೆ ಮಾಡಿದವರು; ಖಂಡೆಪ್ಪ ಮಾತ್ರ ಬೇಗ ಬುದ್ಧಿ ಬಂದು ಅರಿವೆ ಅಂಗಡಿ ಹಾಕಿದ್ದ.

"ಬ್ಯಾಡೋ ಮಾರಾಯಾ," ಎಂದ ಖಂಡೆಪ್ಪ, ಚಹ ತರಿಸಿ. "ಹಾಳಬಿದ್ದ ಊರಿದು. ಧೂಳಂದ್ರ ಧೂಳಿ. ರೈಲಿಲ್ಲ. ಮಂದೀನರ ಛಲೋ ಅದಾರೇನು? ಸೀರಿ ನೂರು ಸಲ ಮುಟ್ಟಿ ನೋಡಿ, 'ನಾಳಿ ಬರ್ತೇವಿ' ಅಂತ ಎದ್ದ ಹೋಗ್ತಾರ."

"ಖರೇನ ಬಿಡು," ಎಂದರು ಮಾಸ್ತರರು. "ಬಸ್ಸಿನಿಂದ ಇಳದ ಕೂಡ್ಲೆ ನನಗೂ ಹಂಗ ಅನಿಸ್ತು. ನೋಡಿಲ್ಲೆ, ಜನಕ್ಕ ಮೂರು ಹಾಕೇನಿ."

ಖಂಡೆಪ್ಪ ಚಹದ ಬಸಿಯನ್ನು ಕೆಳಗಿಟ್ಟ.

"ಎಷ್ಟು?"

"ಮೂರು. ಹತ್ತಕ್ಕ."

"ಲೇ ಚನ್ನ್ಯಾ, ನಿಂದ್ಯಾವ ದೊಡ್ಡ ಊರಲೇ? ಹೊರ್ತಿ ಬಾಜುಕ ಕುಂತು ನಿಂಬಿಹಣ್ಣ ಮೂಸಿ ನೋಡಾಂವ, ಸಿಂದಗಿಗೆ ಮಾರ್ಕ ಹಾಕಾಕ ಬಂದೀಯೇನು? ನಮ್ಮ ಎರಿ ಹೊಲದ್ದು ಒಂದು ತೆನಿ ತಂದು ನಿನ್ನ ತೆಲಿ ಬಾಜುಕ ಹಿಡೀತೇನಿ, ಯಾವುದು ದೊಡ್ಡದು ನೋಡೂಣು ಬಾ!"

"ನೀನ ಅಂದ್ಯಲ್ಲೋ."

"ನಾ ಅಂತೇನಿ. ನನ್ನ ಊರು. ನೀ ಯಾಂವ ಅನ್ನಾಂವ?"

ಆ ಮೇಲೆ ಅರ್ಧ ಗಂಟೆ ಖಂಡೆಪ್ಪ ಸಿಂದಗಿಯನ್ನು ಹೊಗಳಿದ. ಬೇಸಿಗೆಯಲ್ಲಿ ಸಿಂದಗಿಯ ಗಾಳಿ ಬೇರೆ ಎಲ್ಲೂ ಬೀಸುವುದಿಲ್ಲ. ಸಿಂದಗಿಯ ರೊಟ್ಟಿ ಮೂರು ದಿನ ಇಟ್ಟರೂ ಮುರಿಯುವುದಿಲ್ಲ. ಸೀರೆ ಆರಿಸುವಲ್ಲಿ ಸಿಂದಗಿಯ ಹೆಣ್ಣುಮಕ್ಕಳಷ್ಟು ಜಾಣೆಯರು ಮುಂಬಯಿಯಲ್ಲೂ ಇಲ್ಲ. ಅಂಗಡಿಗೆ ಬಂದ ಗಿರಾಕಿಗಳೂ ಸೇರಿಕೊಂಡರು. ಮಾಸ್ತರರು ಕೊನೆಯ ಬಸ್ಸಿಗೆ ಓಡಬೇಕಾಯಿತು.

ಬಸ್ಸಿನಲ್ಲಿ ಅವರಿಗೆ ಸತ್ಯದ ಸೂತ್ರ ಹೊಳೆಯಿತು. ಕೇಳಿದರೆ ಬೈಯುತ್ತಾರೆ, ನಾವು ಬೈದರೆ ಹೊಗಳುತ್ತಾರೆ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಬೇಕು. ಬೈದದ್ದಕ್ಕೆ ಮೂರು, ಹೊಗಳಿದ್ದಕ್ಕೆ ಎಂಟು; ಸಿಂದಗಿಯ ಜನಕ್ಕೆ ಐದೂವರೆ ಬಂತು. ಆದರೆ ಒಂದು ತಾಲೂಕಿಗೆ ಈ ನ್ಯಾಯ ಕೊಟ್ಟ ಮೇಲೆ ಉಳಿದವಕ್ಕೂ ಕೊಡದಿದ್ದರೆ ಹೇಗೆ? ಅಂದರೆ ಬಾಗೇವಾಡಿಗೆ ಹೋಗಿ ರೇವಪ್ಪನ ಎದುರು ಬಾಗೇವಾಡಿಯನ್ನು ಬೈದು ಬರಬೇಕು.

"ಬಯ್ಯಾಕ ಅಷ್ಟು ದೂರ ಹೊಂಟೀರೇನು?" ಎಂದಳು ಸಿದ್ದಲಿಂಗವ್ವ. "ಹನ್ನೊಂದರಾಗ ನಾಕು ಜಾಗಾ ತುಂಬ್ಯಾವಂತ. ಹೆಡಮಾಸ್ತರ ಹೆಂಡ್ತಿ ಹೇಳಿದ್ಲು."

"ಇನ್ನೂ ಏಳ ಅದಾವಲ್ಲ."

ಬಾಗೇವಾಡಿಯಲ್ಲಿ ಕೆಲಸ ಎಣಿಸಿದ್ದಕ್ಕಿಂತ ಚೆನ್ನಾಗಿ ಆಯಿತು, ಅದೇ ತೊಂದರೆ. ಮಾಸ್ತರರು ಹೊಸ್ತಿಲಲ್ಲೇ ನಿಂತು, "ನೀ ಅಂದದ್ದು ಖರೆ ರೇವಪ್ಪಾ, ಎಂಥಾ ಭಿಕಾರಿ ಊರೋ ಇದು" ಎಂದರು. ರೇವಪ್ಪ ಬಯ್ಯಲಿಲ್ಲ. ಅವರ ರಟ್ಟೆ ಹಿಡಿದು ಒಳಗೆ ಒಯ್ದು, ಹೋಳಿಗೆ ಮಾಡಿಸಿ, ಹಗೇವಿನ ಬಾಯಿ ತೆರೆಸಿ ತೋರಿಸಿ, ಬಾವಿಗೆ ಇಳಿಸಿ ನೀರು ಕುಡಿಸಿ, ಅಣ್ಣತಮ್ಮಂದಿರ ಮನೆಗಳಲ್ಲೆಲ್ಲ ಊಟ ಹಾಕಿಸಿದ. ಮರ್ಯಾದೆಯ ಪ್ರಶ್ನೆ. ಮೂರು ದಿನ ಬಿಡಲಿಲ್ಲ. ನಾಲ್ಕನೆಯ ದಿನ ಮಾಸ್ತರರು ಅಜೀರ್ಣದೊಂದಿಗೆ ಊರಿಗೆ ಬಂದು ಎರಡು ದಿನ ಮಲಗಿದರು.

ಎದ್ದಾಗ ಕಸ್ತೂರೆವ್ವ ಫಾರ್ಮನ್ನು ತಂದು ಮುಂದಿಟ್ಟಳು. ಹೆಸರು, ಹುದ್ದೆ, ಸೇವೆಯ ವರ್ಷ, ಎಲ್ಲವನ್ನೂ ಮಸಿಯಲ್ಲಿ, ದುಂಡಗೆ, ತಪ್ಪಿಲ್ಲದೆ ತುಂಬಿದ್ದಳು. ಕೆಳಗೆ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಬರೆದಿದ್ದಳು.

"ಸಹಿ ಅಷ್ಟ ಉಳದೈತಿ ಅಪ್ಪಾ. ಇವತ್ತ ಟಪಾಲಿನಾಂವ ಬರ್ತಾನ."

ಮಾಸ್ತರರು ಬಹಳ ಹೊತ್ತು ನೋಡಿದರು. "ಅಕ್ಷರ ಛಲೋ ಅದಾವು," ಎಂದರು. "ಆದ್ರ ಬಾಗೇವಾಡಿ ಮೊದಲ ಯಾಕ?"

"ಯಾವುದರ ಒಂದು ಮೊದಲ ಇರಬೇಕಲ್ಲರಿ."

"ಹಿಂಗ ಅಂದಾಜಿಲೆ ಬರಿಯೂದಾದ್ರ ನಾ ಇಷ್ಟು ತಿರಗೂದ್ಯಾಕ ಬೇಕಿತ್ತು? ಪೆನ್ಸಿಲ್ಲಿಂದರ ಬರೀಬೇಕಿಲ್ಲ?"

ಹೊಸ ಫಾರ್ಮು ಬೇಕೆಂದು ಬರೆದು ಹಾಕಿದರು. ಅದು ಬರಲು ಎಂಟು ದಿನ ಹಿಡಿಯಿತು. ಹುಡುಗಿ ಆ ಎಂಟು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಅಪ್ಪನಿಗೆ ಅದು ಗೊತ್ತಾಗಲಿಲ್ಲ. ಅವರು ಇಂಡಿಯ ಪೇಟೆಯಲ್ಲಿ ನಿಂತು ಇಂಡಿಯನ್ನು ಬೈಯುತ್ತಿದ್ದರು.

ಅಷ್ಟರಲ್ಲಿ ಬಳೆ ಮಾರುವ ಬಿಬಿಜಾನ ಮನೆಗೆ ಬಂದಳು. ನಾಲ್ಕೂ ತಾಲೂಕುಗಳ ಹಳ್ಳಿ ಹಳ್ಳಿ ನಡೆದು ಬಲ್ಲವಳು ಅವಳೊಬ್ಬಳೇ. ಸಿದ್ದಲಿಂಗವ್ವನ ಕೈಗೆ ಹಸಿರು ಬಳೆ ಏರಿಸುತ್ತಿದ್ದಾಗ ಮಾಸ್ತರರು ಪೆನ್ಸಿಲ್ಲು ಹಿಡಿದು ಎದುರು ಕೂತರು.

"ಯಾವ ತಾಲೂಕ ಛಲೋ ಬಿಬಿಜಾನ?"

"ನಾಕೂ ಕಡೆ ಕೊಡ ಹೆಣ್ಮಕ್ಕಳ ತೆಲಿ ಮ್ಯಾಲನ ಐತ್ರಿ ಮಾಸ್ತರ. ಬಾವಿ ದೂರ ಇದ್ದಲ್ಲಿ ಬಳಿ ಜಾಸ್ತಿ ಒಡೀತಾವು. ನನಗ ಅದ ಛಲೋ ತಾಲೂಕ."

ಸಿದ್ದಲಿಂಗವ್ವ ನಕ್ಕಳು.

"ಜಾಸ್ತಿ ಎಲ್ಲಿ ಒಡೀತಾವು?" ಎಂದು ಮಾಸ್ತರರು ನೀರಿನ ಸಾಲಿಗೆ ಬೆರಳಿಟ್ಟರು.

ಸಿದ್ದಲಿಂಗವ್ವ ನಗುವುದನ್ನು ಬಿಟ್ಟಳು. "ಬಿಬಿಜಾನ, ಇವರಿಗೆ ಏನೂ ಹೇಳಬ್ಯಾಡವ್ವಾ. ನೀ ಒಂದು ಹೇಳಿದ್ರ ಅದನ್ನ ನೋಡಾಕ ಮತ್ತ ನಾಕು ಊರಿಗೆ ಹೋಗ್ತಾರ. ಎಂಟು ಜಾಗಾ ಹ್ವಾದವು. ನನ್ನ ಮಗಳು ಜೂನದಾಗ ಮನ್ಯಾಗ ಕಸಾ ಹೊಡೀತಾಳ, ಇವರು ಮಾರ್ಕ ಹಾಕ್ಕೋತ ಕುಂದರ್ತಾರ."

"ಹುಡುಗಿ ಶಾಣ್ಯಾ ಅದಾಳ್ರಿ ಮಾಸ್ತರ," ಎಂದಳು ಬಿಬಿಜಾನ, ಬಳೆಯ ಮಲಾರ ಕಟ್ಟುತ್ತ. "ಲಗೂನ ಒಂದನ್ನ ಬರದು ಹಾಕ್ರಿ."

"ಮುದ್ದೇಬಿಹಾಳ ಒಂದು ಉಳದೈತಿ," ಎಂದರು ಮಾಸ್ತರರು. "ಅದು ಆತಂದ್ರ ಮುಗೀತು."

ಮುದ್ದೇಬಿಹಾಳದ ಬಸ್ಸು ನಿಲ್ದಾಣದ ಎದುರು ಗುರಪ್ಪನೆಂಬವನ ಸೈಕಲ್ ಅಂಗಡಿ. ಪಂಕ್ಚರ್ ತಿದ್ದುತ್ತಿದ್ದ ಅವನನ್ನು ಮಾಸ್ತರರು ಕ್ರಮದ ಪ್ರಕಾರ ಕೇಳಿದರು: ಈ ಊರು ಹೇಗೆ?

"ಛಲೋ ಐತ್ರಿ," ಎಂದ ಗುರಪ್ಪ. "ಬರ್ರಿ. ಹೆಣ್ಮಕ್ಕಳ ಸಾಲೀನೂ ಇಲ್ಲೇ ಹತ್ತರ. ಮನಿ ಬೇಕಾದ್ರ ನಮ್ಮ ಓಣ್ಯಾಗ ಒಂದು ಖಾಲಿ ಐತಿ, ತೋರಿಸ್ತೇನಿ."

ಮಾಸ್ತರರು ಒಂದು ಹೆಜ್ಜೆ ಹಿಂದೆ ಸರಿದರು.

"ನೀರು?"

"ಅದಾವ್ರಿ."

"ಮಂದಿ?"

"ಎಲ್ಲಾ ಕಡಿ ಇದ್ದಂಗ ಅದಾರ್ರಿ. ಛಲೋ ಅದಾರ."

ಇಂಥ ಮಾತನ್ನು ಅವರು ಜೀವಮಾನದಲ್ಲಿ ಒಮ್ಮೆ ಮಾತ್ರ ಕೇಳಿದ್ದರು, ಅದರ ಫಲವನ್ನು ಹನ್ನೊಂದು ವರ್ಷ ಉಂಡಿದ್ದರು. ತನ್ನ ಊರನ್ನು ತಾನೇ ಹೊಗಳುವವನು ಅಲ್ಲಿಂದ ಪಾರಾಗಲು ನೋಡುತ್ತಿದ್ದಾನೆ, ಇಲ್ಲವೇ ಇವರನ್ನು ಸಿಕ್ಕಿಸಲು ನೋಡುತ್ತಿದ್ದಾನೆ. ಖಾಲಿ ಮನೆಯನ್ನು ನೋಡದೆಯೇ ತಿರುಗಿದರು. ಮುದ್ದೇಬಿಹಾಳದ ಜನಕ್ಕೆ ಒಂದೂವರೆ ಹಾಕಿದರು. ಗುರಪ್ಪನಿಗೆ ಊರಿನಲ್ಲಿ ಎರಡು ಮನೆಯಿದ್ದು ಅವನು ಬೇರೆಲ್ಲಿಗೂ ಹೋಗುವ ವಿಚಾರದಲ್ಲಿರಲಿಲ್ಲ. ಅವನದು ಸುಮ್ಮನೆ ನೇರ ಮಾತು.

ಏಪ್ರಿಲ್ ಇಪ್ಪತ್ತೊಂಬತ್ತರಂದು ಮಾಸ್ತರರು ಕೂಡಿಸಿದರು. ಇಂಡಿಗೆ ಐವತ್ತಕ್ಕೆ ಇಪ್ಪತ್ತೇಳೂವರೆ, ಸಿಂದಗಿಗೆ ಇಪ್ಪತ್ತೇಳು, ಬಾಗೇವಾಡಿಗೆ ಇಪ್ಪತ್ತೇಳು, ಮುದ್ದೇಬಿಹಾಳಕ್ಕೆ ಹತ್ತೊಂಬತ್ತು. ಅರ್ಧ ಮಾರ್ಕಿನಿಂದ, ಹನ್ನೊಂದು ವರ್ಷ ಬೈದುಕೊಂಡಿದ್ದ ಇಂಡಿ ತಾಲೂಕೇ ಬಾಳುವೆಗೆ ಶ್ರೇಷ್ಠವೆಂದು ಸಿದ್ಧವಾಯಿತು. ಹೊಸ ಫಾರ್ಮನ್ನು ಮಸಿಯಲ್ಲಿ ತುಂಬಿ, ಮರುದಿನ ಸ್ವತಃ ಒಯ್ದು ಕಚೇರಿಯಲ್ಲಿ ಕೊಟ್ಟರು.

"ಕಡೀ ದಿನಾ ಬಂದ್ರಲ್ರಿ," ಎಂದ ಕಾರಕೂನ. "ಊರ ಜಾಗಾ ತುಂಬಿ ಹದಿನೈದು ದಿನಾ ಆತು."

"ನಾ ಪೂರಾ ವಿಚಾರ ಮಾಡಿ ಬರದೇನ್ರಿ."

"ಹೌದ್ರಿ. ಆ ಹನ್ನೊಂದ ಮಂದಿ ವಿಚಾರ ಮಾಡಿಲ್ಲ, ಅದಕ್ಕ ಸಿಕ್ಕಾವು," ಎಂದು ಕಾರಕೂನ ಅರ್ಜಿಯ ಮೇಲೆ ಠಸ್ಸೆ ಹೊಡೆದ.

ಮೇ ತಿಂಗಳಲ್ಲಿ ಮುಲ್ಕಿಯ ಫಲಿತಾಂಶ ಬಂತು. ಕಸ್ತೂರೆವ್ವ ಪರೀಕ್ಷಾ ಕೇಂದ್ರಕ್ಕೆ ಎರಡನೆಯವಳಾಗಿ ಪಾಸಾಗಿದ್ದಳು. ಅದೇ ವಾರ ವರ್ಗಾವಣೆಯ ಯಾದಿಯೂ ಬಂತು. ಚನ್ನಬಸಯ್ಯ ಮಾಸ್ತರರಿಗೆ ಮುದ್ದೇಬಿಹಾಳ ತಾಲೂಕಿನಲ್ಲಿ, ಸಡಕಿನಿಂದ ಐದು ಮೈಲು ಒಳಗಿನ ಹಳ್ಳಿ ಸಿಕ್ಕಿತು. ಅಲ್ಲಿಯ ಶಾಲೆ ಏಳನೆಯ ಇಯತ್ತೆಯವರೆಗೆ ಇತ್ತು. ಆ ಜೂನಿನಲ್ಲಿ ಕಸ್ತೂರೆವ್ವನ ಹೆಸರನ್ನು ಯಾವ ಶಾಲೆಯಲ್ಲೂ ಹಚ್ಚಲಿಲ್ಲ.