ಮೂರರಲ್ಲೊಂದು ಪಾಲು

ಸತ್ತ ಗಂಡನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ ಎಂದು ಅವನ ಒಡಹುಟ್ಟಿದ ಅಣ್ಣನೇ ಗಂಟಲು ಹರಿದುಕೊಂಡು ಹೇಳುತ್ತಿದ್ದರೆ ಕೂತು ಕೇಳುವುದು ಹೇಗೆ? ನಾನು ಕೂರಲಿಲ್ಲ. ಮಲೇಷ್ಯಾದ ಸುಬಾಂಗ್ ಜಯಾದಲ್ಲಿರುವ ನಮ್ಮ ಫ್ಲ್ಯಾಟಿನ ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ತಿರುಗುತ್ತಲೇ ಇದ್ದೆ. ಲಾಕ್‌ಡೌನಿನಲ್ಲಿ ಬೇರೆ ಎಲ್ಲಿಗೆ ಹೋಗಲಿ?

"ಅಮ್ಮಾ, ಸಿಟ್ ಡೌನ್ ಲಾ," ಎಂದಳು ಮಗಳು ಪೂರ್ವಿ.

ನನ್ನ ಗಂಡ ಜೀವನ್ ಕೋವಿಡ್‌ಗೆ ಸಿಕ್ಕಿ ಹೋಗಿ ವರ್ಷ ಕಳೆದಿತ್ತು. ಕ್ಲಾಂಗ್ ಬಂದರಿನ ನಮ್ಮ ಗೋದಾಮುಗಳಲ್ಲಿ ಮೂರು ಸಮಪಾಲು: ಅತ್ತೆ ಗಿರಿಜಮ್ಮನದು, ಭಾವ ನರಹರಿಯದು, ಜೀವನ್‌ದು. ಜೀವನ್ ಪಾಲು ಈಗ ನನ್ನದು. ಯಾವ ಕೆಲಸಕ್ಕೂ, ಸತ್ತವರ ಪಾಲನ್ನು ಉಳಿದವರು ಕೊಳ್ಳುವುದಕ್ಕೂ, ಮೂವರಲ್ಲಿ ಇಬ್ಬರ ಸಹಿ ಸಾಕು. ಅತ್ತೆ ಓದದೆ, ಕೇಳದೆ, ಹಿರಿಮಗನ ಸಹಿಯ ಕೆಳಗೆ ತಮ್ಮದನ್ನು ಹಾಕುತ್ತಿದ್ದರು. ನಮ್ಮ ಮನೆಯ ಪದ್ಧತಿಯೇ ಅದು.

ಜೀವನ್ ಹಿಂದೆಂದೋ ಅಮೆರಿಕದ ಪ್ರಜೆಯಾದವನು ಕೊನೆಯವರೆಗೂ ಹಾಗೇ ಉಳಿದಿದ್ದ. ಹಾಗಾಗಿ ಸತ್ತವರ ಆಸ್ತಿಯ ಮೇಲಿನ ಅಲ್ಲಿಯ ತೆರಿಗೆ ಇಲ್ಲಿಯವರೆಗೂ ಅಟ್ಟಿಸಿಕೊಂಡು ಬಂತು. ನಾವು ಅವನ ಪಾಲಿನ ಬೆಲೆಯನ್ನು ಕಡಿಮೆ ತೋರಿಸಿದ್ದೇವೆಂದು ಅಲ್ಲಿಯ ಅಧಿಕಾರಿಯ ತಕರಾರು. ಒಂದೇ ಪಾಲು ಉಳ್ಳವನ ಮಾತು ನಡೆಯುವುದಿಲ್ಲ, ಅಂಥ ಪಾಲನ್ನು ಹೊರಗಿನವರು ಕೊಳ್ಳುವುದೂ ಇಲ್ಲ, ಆದ್ದರಿಂದ ಬೆಲೆ ಇಳಿಸಲೇಬೇಕು ಎಂದು ನಮ್ಮ ವಕೀಲರ ವಾದ. ಅದಕ್ಕೆ ಸಾಕ್ಷಿ ನಮ್ಮ ಭಾವ, ಬಾಂಗ್ಸಾರ್‌ನ ತಮ್ಮ ಮನೆಯಿಂದ, ಜೂಮ್‌ನಲ್ಲಿ.

ಇಂಗ್ಲಿಷ್ ಬಾರದ ಅತ್ತೆ ಪರದೆಯನ್ನೇ ನೋಡುತ್ತಿದ್ದರು. "ಏನಂತೆ ಪುಟ್ಟಿ?" ಎಂದು ಪೂರ್ವಿಯನ್ನು ಕೇಳಿದರು.

ಪೂರ್ವಿ ತನ್ನ ಮುರುಕು ಕನ್ನಡದಲ್ಲಿ ಹೇಳಿದಳು: "ಪಪ್ಪ ಬೇಡ ಅಂದ್ರೂ ಅಜ್ಜಿ ಆಂಡ್ ದೊಡ್ಡಪ್ಪ ಸೈನ್ ಮಾಡ್ತಾರೆ. ಸೋ, ಪಪ್ಪ ನೋ ಪವರ್."

ಅತ್ತೆ ಗೋಡೆಯ ಮೇಲಿದ್ದ ಜೀವನ್ ಫೋಟೋದ ಕಡೆ ತಿರುಗಿ ಕೂತರು.

ಕೊನೆಗೆ ಅಧಿಕಾರಿ ಒಪ್ಪಿದ, ತೆರಿಗೆ ಇಳಿಯಿತು. ಉಸಿರು ಬಿಡುವಷ್ಟರಲ್ಲಿ ಭಾವನ ವಿಡಿಯೋ ಕಾಲ್ ಬಂತು.

"ಅಪೇಕ್ಷಾ, ಆ ಪಾಲು ನಾನೇ ತಗೋತೀನಿ. ರೇಟು ಹೆಂಗಿದ್ರೂ ಫಿಕ್ಸ್ ಆಯ್ತಲ್ಲ. ಅಗ್ರಿಮೆಂಟ್ ಪ್ರಕಾರ ನಂದು, ಅಮ್ಮಂದು ಎರಡು ಸಹಿ ಸಾಕು."

"ಅದು ತೆರಿಗೆಗೆ ಹೇಳಿದ ರೇಟು, ಭಾವ. ಪಾಲು ಹೋದ್ರೆ ನನ್ನ ವೀಸಾನೂ ಹೋಗುತ್ತೆ. ಪೂರ್ವಿ ಸ್ಕೂಲು?"

"ಮೈಸೂರಲ್ಲಿ ಸ್ಕೂಲ್ ಇಲ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಮಾಡುವುದೇನು? ಮಗಳ ಓದು, ನನ್ನ ಕೆಲಸ, ನಮ್ಮ ಮನೆ, ಎಲ್ಲವೂ ಅತ್ತೆಯ ಒಂದು ಸಹಿಯ ಮೇಲೆ ನಿಂತಿತ್ತು. ಆ ಸಹಿ ಯಾವ ಕಡೆಗೆ ಬೀಳುತ್ತದೆಂದು ನನಗೆ ಗೊತ್ತಿಲ್ಲವೇ?

ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಜೀವನ್ ಮಾತು ಯಾಕೋ ನಡೀತಿರ್ಲಿಲ್ಲ, ನರಹರಿ?"

"ಅಮ್ಮ, ಅದು ಟ್ಯಾಕ್ಸ್‌ಗೋಸ್ಕರ ಹೇಳಿದ್ದು."

"ಸುಳ್ಳೇನಲ್ವಲ್ಲ. ನಾನು ನಿನ್ನ ಜೊತೆ ಸಹಿ ಹಾಕ್ತಿದ್ದೆ, ಅದಕ್ಕೆ ನಡೀತಿರ್ಲಿಲ್ಲ. ಇನ್ಮೇಲೆ ನನ್ನ ಸಹಿ ಇವಳ ಜೊತೆ."

ಭಾವ ತಬ್ಬಿಬ್ಬಾದರು. "ಹಂಗಾದ್ರೆ ನನ್ನ ಪಾಲು?"

"ಒಂದೇ ಪಾಲಿಗೆ ಏನು ಬೆಲೆ ಅಂತ ನೀನೇ ಹೇಳಿದ್ಯಲ್ಲಪ್ಪ."

ಗೆದ್ದೆ ಎಂದು ಕುಣಿಯಬೇಕಿತ್ತು ನಾನು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು. ಸಮಾಧಾನ ಮಾಡಲು ಕೈಯೇ ಏಳಲಿಲ್ಲ. ಜೀವನ್ ಬದುಕಿದ್ದಾಗ ಒಂದೇ ಒಂದು ಸಲ ಹೀಗೆ ಅವನ ಕಡೆ ನಿಂತಿದ್ದರೆ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು.